ಚೀಟಿಯಲ್ಲಿ ‘ಮಾವೋರಿ’ ಎಂದಷ್ಟೇ ಇತ್ತು

ಮ್ಯೂಸಿಯಂ ಕೆಲಸಕ್ಕೆ ಸೇರಬೇಕೆಂದಿರುವ ನಮ್ಮ ಊರ ಕಡೆಯ ಮಕ್ಕಳು ಅಮೆರಿಕದ ಸನ್ನಿವೇಲಿನ ನನ್ನ ಮನೆಗೆ ಬಂದು, ಸೋಫಾದ ತುದಿಯಲ್ಲಿ ಕೂತು, ‘ಆಂಟಿ, ತುಂಬಾ ಇಂಟರೆಸ್ಟಿಂಗ್ ಜಾಬ್ ಅಲ್ವಾ ಅದು?’ ಎಂದು ಕೇಳುತ್ತಾರೆ. ಅಲ್ಲ ಎಂದು ನಾನು ಮುಖಕ್ಕೇ ಹೇಳಿಬಿಡುತ್ತೇನೆ. ಮುಕ್ಕಾಲು ಪಾಲು ಧೂಳು, ಉಳಿದದ್ದು ಮೀಟಿಂಗು. ಬೆನ್ನು ಹೋಗುತ್ತದೆ, ಕಣ್ಣು ಹೋಗುತ್ತದೆ, ಸಂಬಳದ ಮಾತು ಎತ್ತಲೇಬೇಡಿ. ಇಷ್ಟು ಹೇಳಿದ ಮೇಲೂ ಯಾರು ಎದ್ದು ಹೋಗದೆ ಕೂತಿರುತ್ತಾರೋ ಅವರಿಗೆ ಚಾ ಮಾಡಿಕೊಟ್ಟು ಮುಂದಿನದನ್ನು ಹೇಳುತ್ತೇನೆ. ಇದನ್ನು ಬರೆಯುತ್ತಿರುವುದು ಅಂಥವರಿಗಾಗಿ.

ನಮ್ಮದು ಉಡುಪಿ ಕಡೆ, ಮನೆಮಾತು ತುಳು. ಗಂಡನಿಗೆ ಇಲ್ಲಿ ಕೆಲಸ ಸಿಕ್ಕಿದ್ದರಿಂದ ನಾನೂ ಬಂದೆ. ಬಂದ ಹೊಸತರಲ್ಲಿ ನನ್ನ ವೀಸಾದಲ್ಲಿ ಸಂಬಳದ ಕೆಲಸ ಮಾಡುವ ಹಾಗಿರಲಿಲ್ಲ. ಅಪಾರ್ಟ್‌ಮೆಂಟಿನಲ್ಲಿ ಗೋಡೆ ನೋಡುತ್ತಾ ಕೂತು ತಲೆ ಕೆಟ್ಟುಹೋಗಿತ್ತು. ಪುಕ್ಕಟೆ ದುಡಿಯಲು ಜನ ಬೇಕು ಎಂದಿದ್ದ ಒಂದು ಖಾಸಗಿ ಮ್ಯೂಸಿಯಂಗೆ ಹೋದೆ. ರೆಡ್‌ವುಡ್ ಸಿಟಿಯ ಸಾಫ್ಟ್‌ವೇರ್ ಕಟ್ಟಡಗಳಿಂದ ಸ್ವಲ್ಪ ದೂರದಲ್ಲಿ, ಹಿಂದೆ ಹಡಗು ವ್ಯಾಪಾರ ಮಾಡುತ್ತಿದ್ದ ಒಂದು ಮನೆತನ ಕಟ್ಟಿಸಿದ ಮ್ಯೂಸಿಯಂ ಅದು. ಹೆಸರು ಬೇಡ. ಎದುರಿನ ಗ್ಯಾಲರಿಯಲ್ಲಿ ದೀಪದ ಕೆಳಗೆ ಕಾಣುವುದು ಹಿಡಿಯಷ್ಟು ಸಾಮಾನು. ಉಳಿದದ್ದೆಲ್ಲ ಹಿಂದಿನ ಸ್ಟೋರಿನಲ್ಲಿ, ಕಪಾಟು ಕಪಾಟಾಗಿ, ಡಬ್ಬ ಡಬ್ಬವಾಗಿ. ನಾನು ಆ ಸ್ಟೋರಿನವಳು. ಒಳಗೆ ಬಂದದ್ದನ್ನು ಒರೆಸುವುದು, ಸುತ್ತಿಡುವುದು, ಯಾವುದು ಎಲ್ಲಿದೆ ಎಂದು ನೆನಪಿಟ್ಟುಕೊಳ್ಳುವುದು, ಹುಳ ಹಿಡಿಯದಂತೆ ನೋಡಿಕೊಳ್ಳುವುದು ನನ್ನ ಕೆಲಸ. ಆಮೇಲೆ ಸಂಬಳವೂ ಬಂತು. ರಿಟೈರ್ ಆಗುವವರೆಗೂ ನಾನು ಅಲ್ಲೇ ಇದ್ದೆ.

ನನ್ನ ಮೇಲಿನವರು ಹೆಲೆನ್. ಎತ್ತರದ ಹೆಂಗಸು, ಕನ್ನಡಕಕ್ಕೆ ದಾರ, ಕಿವಿಯ ಹಿಂದೆ ಪೆನ್ಸಿಲು. ಸ್ಟೋರಿನೊಳಗೆ ಪೆನ್ನು ತರಬಾರದು, ನೀರಿನ ಬಾಟಲಿ ತರಬಾರದು, ಬಾಯಿಗೆ ಚ್ಯೂಯಿಂಗ್ ಗಮ್ಮೂ ಹಾಕಬಾರದು. ಮೊದಲ ವಾರವೇ ನನಗೆ ಬೈದರು, ಕೈಬಳೆಗಾಗಿ. ಬಳೆ ತಾಗಿ ಸಾಮಾನಿಗೆ ಗೀರು ಬೀಳುತ್ತದೆ, ತೆಗೆದಿಡಿ ಎಂದರು. ನಾನು ತೆಗೆಯುವುದಿಲ್ಲ ಎಂದೆ. ಅವರು ನಿಯಮ ಎಂದರು, ನಾನು ಮದುವೆಯ ಬಳೆ ಎಂದೆ. ಮರುದಿನ ಗಂಡನ ಹಳೆಯ ಕಾಲುಚೀಲದ ಪಾದದ ಭಾಗ ಕತ್ತರಿಸಿ, ಉಳಿದದ್ದನ್ನು ಮಣಿಕಟ್ಟಿನವರೆಗೆ ಎಳೆದುಕೊಂಡು ಹೋದೆ. ಬಳೆ ಕಾಣಲಿಲ್ಲ, ಸದ್ದೂ ಮಾಡಲಿಲ್ಲ. ಹೆಲೆನ್ ಬಹಳ ಹೊತ್ತು ನನ್ನ ಕೈ ನೋಡಿ ನಕ್ಕುಬಿಟ್ಟರು. ಹೊಸಬರಿಗೆ ಕೆಲಸ ಕಲಿಸುವಾಗ ಆಮೇಲೆ ಅವರೇ ಕಾಲುಚೀಲದ ಉಪಾಯ ಹೇಳಿಕೊಡುತ್ತಿದ್ದರು. ಅವರು ನಿಯಮ ಬಿಡುವವರಲ್ಲ, ಆದರೆ ನಿಯಮಕ್ಕೆ ಕಾರಣ ಏನೆಂದು ಯಾವತ್ತೂ ಮರೆಯುತ್ತಿರಲಿಲ್ಲ. ಇಂಥ ಮೇಲಿನವರು ಸಿಕ್ಕರೆ ಬಿಡಬೇಡಿ, ಜಗಳವಾಡಿಯಾದರೂ ಅವರ ಹತ್ತಿರವೇ ಇರಿ.

ಇನ್ನು ನನ್ನ ಪರಾಕ್ರಮದ ಕಥೆ. ಒಂದು ದಿನ ಡಬ್ಬ ತೆರೆದಾಗ ಮರದ ಒಂದು ಮಣೆ ಕಂಡಿತು. ಕೂರಲು ಜಾಗ, ಮುಂದಕ್ಕೆ ಚಾಚಿದ ಕತ್ತು, ಕತ್ತಿನ ತುದಿಯಲ್ಲಿ ಹಲ್ಲು ಹಲ್ಲಾದ ಕಬ್ಬಿಣ. ತೆಂಗಿನಕಾಯಿ ತುರಿಯುವ ಮಣೆ! ನನ್ನ ಅಮ್ಮ ಇಡೀ ಆಯುಷ್ಯ ಅದರ ಮೇಲೆ ಕೂತವರು. ಯಾವ ಊರಿನದೆಂದು ಹೇಳುವ ಚೀಟಿ ಬಿದ್ದುಹೋಗಿತ್ತು. ಯಾರನ್ನೂ ಕೇಳದೆ ‘ದಕ್ಷಿಣ ಕರ್ನಾಟಕ ಕರಾವಳಿ, ಭಾರತ’ ಎಂದು ಬರೆದು ಭಾರತದ ಕಪಾಟಿಗೆ ಸಾಗಿಸಿದೆ. ಬಂದವರಿಗೆಲ್ಲ ತೋರಿಸಿದ್ದೇ ತೋರಿಸಿದ್ದು. ಗಂಡನನ್ನು ಭಾನುವಾರ ಕರೆದುಕೊಂಡು ಹೋಗಿ, ‘ನೋಡಿ, ನಮ್ಮದು ಇಲ್ಲಿವರೆಗೆ ಬಂದುಂಟು’ ಎಂದು ಹೇಳಿದೆ. ಅವರೂ ಮೀಸೆ ತಿರುವಿದರು.

ಆ ಮಣೆ ಶಾಂತಸಾಗರದ ಒಂದು ದ್ವೀಪದ್ದು ಎಂದು ತೋರಿಸಿಕೊಟ್ಟವರು ಅರೊಹಾ.

ಅರೊಹಾ ಮೂಲತಃ ನ್ಯೂಜಿಲೆಂಡಿನವರು, ಮಾವೋರಿ. ಅಮೆರಿಕದವರನ್ನು ಮದುವೆಯಾಗಿ ಬಂದು, ಹೇವರ್ಡಿನಲ್ಲಿ ಮಕ್ಕಳಿಗೆ ಪಾಠ ಹೇಳಿ ನಿವೃತ್ತರಾದವರು. ನನಗಿಂತ ಸಾಕಷ್ಟು ಹಿರಿಯರು, ಬಿಳಿ ಕೂದಲು, ಗಲ್ಲದ ಮೇಲೆ ಹಚ್ಚೆ. ಆ ಹೊತ್ತಿಗೆ ನಮ್ಮ ಕೆಲಸದ ರೀತಿಯೇ ಬದಲಾಗುತ್ತಿತ್ತು. ಮೊದಲು ಪುಸ್ತಕ ನೋಡಿ ಚೀಟಿ ಬರೆಯುತ್ತಿದ್ದೆವು. ಈಗ ಆಯಾ ಸಾಮಾನಿನ ಜನರನ್ನೇ ಕರೆದು ಕೇಳಬೇಕು ಎಂಬ ಕ್ರಮ ಬಂತು. ಶಾಂತಸಾಗರದ ಕಪಾಟುಗಳಿಗೆ ಹೆಲೆನ್ ಅರೊಹಾ ಅವರನ್ನು ಕರೆಸಿದರು. ಅವರು ಭಾರತದ ಕಪಾಟು ದಾಟಿ ಹೋಗುವಾಗ ಮಣೆ ನೋಡಿ ನಿಂತರು. ಮರ ಮುಟ್ಟಿ, ಕೆತ್ತನೆ ನೋಡಿ, ಯಾವ ದ್ವೀಪ ಎಂದು ಹೇಳಿದರು. ನಾನು ಬಿಡಲಿಲ್ಲ. ನಮ್ಮ ಮನೆಯಲ್ಲೂ ಇಂಥದೇ ಇದೆ ಎಂದು ವಾದಿಸಿದೆ.

‘ಇರಬಹುದು. ತೆಂಗಿನಕಾಯಿ ಎಲ್ಲಿದೆಯೋ ಅಲ್ಲೆಲ್ಲ ಹೆಂಗಸರು ಹೀಗೇ ಕೂತಿದ್ದಾರೆ’ ಎಂದು ನಕ್ಕರು. ‘ನಿಮ್ಮದು ಕೊಂಡುಬನ್ನಿ, ಪಕ್ಕ ಪಕ್ಕ ಇಟ್ಟು ನೋಡೋಣ.’

ನನ್ನದು ಉಡುಪಿಯಲ್ಲಿತ್ತು, ಎಲ್ಲಿಂದ ತರಲಿ. ಮಣೆ ಅದರ ಕಪಾಟಿಗೆ ಹೋಯಿತು. ಮನೆಯಲ್ಲಿ ಗಂಡ ತಿಂಗಳುಗಟ್ಟಲೆ, ‘ಎಂತ ಮಾರಾಯ್ತಿ, ನಮ್ಮದು ಎಲ್ಲಿವರೆಗೆ ಬಂತು ಈಗ?’ ಎಂದು ಕಿಚಾಯಿಸಿದರು. ಹೋಗಲಿ, ಆ ಮಣೆಯ ದೆಸೆಯಿಂದ ಅರೊಹಾ ನನಗೆ ಗೆಳತಿಯಾದರು.

ಕೆಲಸ ಮುಗಿಯುವ ಹೊತ್ತಿಗೆ ಅವರು ಸ್ಟೋರಿನ ಕೊನೆಯ ಸಾಲಿಗೆ ಬಂದರು. ಅಲ್ಲಿ ಕಪಾಟಿನ ಕೆಳಗಿನ ಹಲಗೆಯ ಮೇಲೆ ಒಂದು ಬೂದು ಬಣ್ಣದ ಡಬ್ಬವಿತ್ತು. ಹೊರಗಿನ ಚೀಟಿಯಲ್ಲಿ ‘ಮಾವೋರಿ’ ಎಂಬ ಒಂದೇ ಮಾತು, ಕೆಳಗೆ ನಂಬರು. ಒಳಗೇನಿದೆ ಎಂದು ಕೇಳಿದರು. ನನಗೆ ಗೊತ್ತಿತ್ತು. ಒಬ್ಬ ಮನುಷ್ಯನ ತಲೆಬುರುಡೆ. ಆ ಹಡಗಿನ ಮನೆತನದ ಯಾರೋ ಕಪ್ತಾನ ಎಲ್ಲಿಂದಲೋ ಕೊಂಡೋ ಕದ್ದೋ ತಂದದ್ದು. ಎಲ್ಲಿಂದ, ಯಾರಿಂದ ಎಂದು ಯಾರೂ ಬರೆದಿಟ್ಟಿರಲಿಲ್ಲ.

ಮೆಲ್ಲಗೆ ಹೇಳಿದೆ. ಅರೊಹಾ ಆ ವಯಸ್ಸಿನಲ್ಲಿ ಮೊಣಕಾಲು ಮಡಚಿ ಸಿಮೆಂಟಿನ ನೆಲದ ಮೇಲೆ, ಡಬ್ಬದ ಎದುರು ಕೂತರು. ತಮ್ಮ ಭಾಷೆಯಲ್ಲಿ, ಮನೆಗೆ ಬಂದ ಹಿರಿಯರ ಹತ್ತಿರ ಮಾತಾಡುವಂತೆ, ಸಣ್ಣ ದನಿಯಲ್ಲಿ ಮಾತಾಡತೊಡಗಿದರು. ಆಮೇಲೆ ಎತ್ತರದ ದನಿಯಲ್ಲಿ ಎಳೆದು ಎಳೆದು ಕೂಗಿದರು. ಅಂಥ ಅಳುವನ್ನು ನಾನು ಸಾವಿನ ಮನೆಯಲ್ಲಿ ಮಾತ್ರ ಕೇಳಿದ್ದೆ. ಮೇಲಿನ ಆಫೀಸಿನಿಂದ ಹೆಲೆನ್ ಓಡಿಬಂದವರು ಬಾಗಿಲಲ್ಲೇ ನಿಂತುಬಿಟ್ಟರು. ಬೈಯಲಿಲ್ಲ. ಅದು ಮುಗಿಯುವವರೆಗೂ ನಾವಿಬ್ಬರೂ ತಲೆ ತಗ್ಗಿಸಿ ನಿಂತಿದ್ದೆವು.

ಎದ್ದು ನಿಂತ ಮೇಲೆ ಅರೊಹಾ ಹೇಳಿದ್ದು ಇಷ್ಟೇ. ‘ಇವರು ಮನೆಗೆ ಹೋಗಬೇಕು. ನಾನು ಸಾಯುವುದರೊಳಗೆ ಹೋಗಬೇಕು.’

ಆಗಲಿ ಎಂದು ನಾನು ತಲೆಯಾಡಿಸಿದೆ. ಅದೇನು ಮಹಾ ಎಂದುಕೊಂಡಿದ್ದೆ. ಚೀಟಿಯಲ್ಲಿ ಹೆಸರಿದೆ, ಆ ಹೆಸರಿನ ಜನ ಇದ್ದಾರೆ, ಕೇಳುತ್ತಿದ್ದಾರೆ, ಕೊಟ್ಟುಬಿಡುವುದು. ಈ ಕೆಲಸದಲ್ಲಿ ಅಷ್ಟು ಸುಲಭದ್ದು ಯಾವುದೂ ಇಲ್ಲ ಎಂದು ಹೆಲೆನ್ ಮರುದಿನ ತಿಳಿಸಿದರು. ಈ ದೇಶದ ಮೂಲನಿವಾಸಿಗಳ ಎಲುಬುಗಳನ್ನು ಹಿಂದಿರುಗಿಸಲು ಕಾನೂನು ಇದೆ. ಸಮುದ್ರದಾಚೆಯವರಿಗೆ ಅದು ತಾಗುವುದಿಲ್ಲ. ಅವರ ವಿಷಯಕ್ಕೆ ಮ್ಯೂಸಿಯಂ ತನ್ನದೇ ಒಂದು ನಿಯಮ ಮಾಡಿಕೊಂಡಿತ್ತು. ಯಾವ ಬುಡಕಟ್ಟು, ಯಾವ ಊರು ಎಂಬುದು ಖಚಿತವಾಗಬೇಕು, ಆ ಊರಿನವರೇ ಬಂದು ಕೇಳಬೇಕು.

‘ಬುಡಕಟ್ಟು ಬರೆದಿದೆಯಲ್ಲ, ಮಾವೋರಿ ಅಂತ’ ಎಂದೆ. ಅಲ್ಲಿಯವರೆಗೆ ನಾನು ಅದು ಒಂದು ಬುಡಕಟ್ಟಿನ ಹೆಸರೆಂದೇ ತಿಳಿದಿದ್ದೆ.

‘ಅದು ಬುಡಕಟ್ಟಲ್ಲ ವಾರಿಜಾ. ಅಲ್ಲಿ ಎಷ್ಟೋ ಬುಡಕಟ್ಟುಗಳಿವೆ. ತಪ್ಪು ಜನರ ಕೈಗೆ ಕೊಟ್ಟರೆ ಏನಾಗುತ್ತದೆ ಗೊತ್ತೆ? ಇನ್ನೊಂದು ಮ್ಯೂಸಿಯಮ್ಮಿನಲ್ಲಿದ್ದಾಗ ನಾನು ಹಾಗೆ ಆದದ್ದನ್ನು ನೋಡಿದ್ದೇನೆ. ಎರಡು ಊರಿನವರು ಇವತ್ತಿಗೂ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ.’

ಅವರ ಭಯ ಸುಳ್ಳಲ್ಲ. ಆ ನಿಯಮ ಯಾರನ್ನೋ ಸತಾಯಿಸಲು ಮಾಡಿದ್ದಲ್ಲ. ಆದರೆ ಕಂಪ್ಯೂಟರಿಗೆ ಮಾಹಿತಿ ತುಂಬುವಾಗ ‘ಊರು’ ಎಂಬ ಕಡೆ ನಾನೇ ‘ತಿಳಿದಿಲ್ಲ’ ಎಂದು ಒತ್ತಿದ್ದೆ. ಈಗ ಆ ಒಂದು ಪದ ಆ ಮನುಷ್ಯನ ಎದೆಯ ಮೇಲೆ ಕಲ್ಲಿನ ಹಾಗೆ ಕೂತಿತ್ತು. ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗದ ಸಿಟ್ಟು.

ಆ ಶನಿವಾರ ಕೊಲ್ಲಿಯ ಸೇತುವೆ ದಾಟಿ ಹೇವರ್ಡಿಗೆ ಹೋದೆ. ಅರೊಹಾ ಅಡಿಗೆಮನೆಯಲ್ಲಿ ಬ್ರೆಡ್ಡು ಬೇಯಿಸುತ್ತಿದ್ದರು. ಮಾವೋರಿ ಎಂದರೆ ಏನು ಎಂದು ನೇರವಾಗಿ ಕೇಳಿದೆ. ಇಷ್ಟು ವರ್ಷ ಚೀಟಿ ಬರೆದವಳು ಅದನ್ನು ಮೊದಲೇ ಕೇಳಬೇಕಿತ್ತು ಎಂದು ಅವರೂ ನೇರವಾಗಿಯೇ ಹೇಳಿದರು.

‘ಮಾವೋರಿ ಎಂದರೆ ಸಾಧಾರಣ. ಮಾಮೂಲಿ, ಸಹಜ’ ಎಂದರು. ‘ಸಮುದ್ರದ ನೀರು ಉಪ್ಪು. ಹೊಳೆಯ ನೀರು, ಕುಡಿಯುವ ನೀರು, ಅದು ಮಾವೋರಿ ನೀರು. ಹಳೆಯ ಕಥೆಗಳಲ್ಲಿ ದೇವರುಗಳಿದ್ದಾರೆ, ಕಾಡಿನಲ್ಲಿ ಕಣ್ಣಿಗೆ ಕಾಣದವರಿದ್ದಾರೆ. ಅವರಲ್ಲದೆ ಹುಟ್ಟಿ ಸಾಯುವವರು ಮಾವೋರಿ ಜನ. ಮನುಷ್ಯರು, ಅಷ್ಟೇ.’

ಹಾಗಾದರೆ ಅದು ಜನಾಂಗದ ಹೆಸರಾದದ್ದು ಹೇಗೆ ಎಂದೆ.

‘ಬಿಳಿಯರ ಹಡಗು ಬರುವವರೆಗೆ ನಮ್ಮೆಲ್ಲರಿಗೂ ಸೇರಿ ಒಂದು ಹೆಸರು ಬೇಕಾಗಿರಲಿಲ್ಲ. ನಾವು ಈ ನದಿಯವರು, ಆಚೆಯವರು ಆ ಬೆಟ್ಟದವರು, ಅಷ್ಟೇ. ಬೇರೆ ಥರದ ಜನ ಬಂದು ಎದುರು ನಿಂತಾಗ, ಅವರಲ್ಲದ ನಾವು ಯಾರು ಎಂದು ಹೇಳಬೇಕಾಯಿತು. ನಾವು ಮಾಮೂಲಿ ಮನುಷ್ಯರು ಎಂದೆವು. ಬಂದವರನ್ನು ಪಾಕೆಹಾ ಎಂದೆವು. ತಮಾಷೆ ನೋಡು, ಮೊದಮೊದಲು ಆ ಬಂದವರು ನ್ಯೂಜಿಲೆಂಡಿಗರು ಎಂದು ಬರೆಯುತ್ತಿದ್ದದ್ದು ನಮ್ಮನ್ನು. ಆಮೇಲೆ ಅಲ್ಲೇ ನೆಲೆಸಿ ಆ ಹೆಸರನ್ನು ತಾವು ಇಟ್ಟುಕೊಂಡರು. ಮಾವೋರಿ ಎಂಬುದು ನಮಗೆ ಉಳಿಯಿತು.’

ಅರೊಹಾರ ಅಜ್ಜಿಗೆ ಆ ಮಾತು ಆಗುತ್ತಿರಲಿಲ್ಲವಂತೆ. ನನ್ನನ್ನು ನನ್ನ ನದಿಯ ಹೆಸರಿನಿಂದ ಕರೆಯಿರಿ, ಎಲ್ಲರನ್ನೂ ಒಂದೇ ಚೀಲಕ್ಕೆ ತುಂಬಬೇಡಿ ಎನ್ನುತ್ತಿದ್ದರಂತೆ. ಅರೊಹಾರ ಕಾಲಕ್ಕೆ ಅದು ಬದಲಾಯಿತು. ಶಾಲೆಯಲ್ಲಿ ತಮ್ಮ ಭಾಷೆ ಆಡಿದ್ದಕ್ಕೆ ಪೆಟ್ಟು ತಿಂದವರ ಮಕ್ಕಳು ಅವರು. ನಮ್ಮ ಭಾಷೆ, ನಮ್ಮ ನೆಲ ಎಂದು ಎಲ್ಲ ಬುಡಕಟ್ಟಿನವರೂ ಒಟ್ಟಾಗಿ ಬೀದಿಗೆ ಇಳಿದಾಗ ಕೂಗಲು ಒಂದೇ ಹೆಸರು ಬೇಕಿತ್ತು. ಸಾಧಾರಣ ಎಂಬ ಆ ಮಾತೇ ಒದಗಿತು. ಹವಾಯಿಯವರಲ್ಲಿ ಮಾವೋಲಿ, ತಾಹಿತಿಯವರಲ್ಲಿ ಮಾವೋಹಿ, ಎಲ್ಲ ಅಕ್ಕತಂಗಿಯರೇ ಎಂದು ಅರೊಹಾ ಬೆರಳು ಮಡಚಿ ತೋರಿಸಿದರು.

‘ಆದರೆ ಆ ಡಬ್ಬದ ಮೇಲೆ ಅದನ್ನು ಬರೆದವನಿಗೆ ಇದೊಂದೂ ಗೊತ್ತಿರಲಿಲ್ಲ’ ಎಂದರು. ‘ಅವನು ಯಾವ ಊರು ಎಂದು ಕೇಳಲೇ ಇಲ್ಲ. ಈಗ ನಿಮ್ಮವರು ನಮ್ಮನ್ನು ಕೇಳುತ್ತಿದ್ದಾರೆ, ಊರು ಯಾವುದು, ರುಜುವಾತು ಎಲ್ಲಿ ಎಂದು.’

ನಿಮ್ಮವರು ಎಂದದ್ದು ನನಗೆ ಚುಚ್ಚಿತು. ಆದರೆ ಸರಿಯಾಗಿಯೇ ಹೇಳಿದ್ದರು.

ಇಂಥದ್ದನ್ನು ತೀರ್ಮಾನಿಸಲು ಮ್ಯೂಸಿಯಮ್ಮಿನಲ್ಲಿ ಇದ್ದ ಕಮಿಟಿಯ ಮೊದಲ ಮೀಟಿಂಗಿನಲ್ಲಿ ಕೆಲಸ ಆಗಲಿಲ್ಲ. ಚೇರ್ಮನ್ ಕಾನರ್ ಎಂಬ ನಿವೃತ್ತ ವಕೀಲರು. ಮರ್ಯಾದಸ್ಥ ಮನುಷ್ಯ, ಯಾರ ಮಾತನ್ನೂ ನಡುವೆ ಕತ್ತರಿಸುವವರಲ್ಲ. ಅರೊಹಾ ಹೇಳಿದ್ದನ್ನೆಲ್ಲ ಪೂರ್ತಿ ಕೇಳಿದರು. ಕೇಳಿದ ಮೇಲೆ, ಬುಡಕಟ್ಟು ಗೊತ್ತಾಗುವವರೆಗೆ ಕಾಯೋಣ ಎಂದರು. ಸಹಾಯ ಮಾಡುವ ಮನಸ್ಸಿನಿಂದಲೇ ಹೆಲೆನ್ ಒಂದು ದಾರಿ ಸೂಚಿಸಿದರು. ಈಗ ಹೊಸ ಪರೀಕ್ಷೆಗಳು ಬಂದಿವೆ, ಎಲುಬಿನಿಂದ ಒಂದು ಚೂರು ಕೊರೆದು ತೆಗೆದರೆ ಯಾವ ಕಡೆಯವರು ಎಂದು ಅಂದಾಜು ಸಿಗಬಹುದು.

‘ಬೇಡ’ ಎಂದರು ಅರೊಹಾ. ‘ಅವರನ್ನು ಕೊರೆಯುವುದು ಬೇಡ.’

‘ಬೇರೆ ದಾರಿ ಇಲ್ಲವಲ್ಲ’ ಎಂದರು ಹೆಲೆನ್, ದುಃಖದಿಂದಲೇ. ‘ತಪ್ಪು ಜಾಗಕ್ಕೆ ಕಳಿಸಿದರೆ ಏನು ಗತಿ?’

‘ಈಗ ಇರುವ ಜಾಗಕ್ಕಿಂತ ತಪ್ಪು ಜಾಗ ಯಾವುದಿದೆ ಹೇಳಿ.’

ಆದರೂ ನಿರ್ಧಾರವೇನೂ ಬದಲಾಗಲಿಲ್ಲ. ನನ್ನ ದರ್ಜೆಯವರು ಆ ಮೀಟಿಂಗಿನಲ್ಲಿ ಮಾತಾಡುವ ಪದ್ಧತಿ ಇರಲಿಲ್ಲ. ಡಬ್ಬ ತಂದಿಡುವುದು, ತೆಗೆದುಕೊಂಡು ಹೋಗುವುದು, ಅಷ್ಟೇ. ಅವತ್ತು ನಾನು ಹಲ್ಲು ಕಚ್ಚಿ ಹಾಗೇ ಕೂತಿದ್ದೆ.

ಮನೆಗೆ ಬಂದು ಪಾತ್ರೆ ಕುಕ್ಕುತ್ತಿದ್ದವಳನ್ನು ನೋಡಿ ಗಂಡ, ‘ನಿನಗೆ ಯಾಕೆ ಬೇಕು ಇದೆಲ್ಲ? ರಿಟೈರ್ ಆಗ್ಲಿಕ್ಕೆ ಹತ್ತಿರ ಬಂತು. ಅವರದ್ದು ಅವರು ನೋಡಿಕೊಳ್ತಾರೆ’ ಎಂದರು.

‘ಹೌದಾ?’ ಎಂದೆ. ‘ಊರಲ್ಲಿ ಯಾರಾದ್ರೂ ನಾನು ಯಾರು ಅಂತ ಕೇಳಿದ್ರೆ ಎಂತ ಹೇಳ್ತೇವೆ? ಯಾವ ಮನೆ, ತಾಯಿ ಕಡೆಯ ಕುಲ, ಬರಿ ಯಾವುದು. ಘಟ್ಟ ಹತ್ತಿದ್ರೆ ಮಂಗಳೂರು ಕಡೆಯವರು. ಮುಂಬಯಿಗೆ ಹೋದ್ರೆ ಸೌತ್ ಇಂಡಿಯನ್. ಇಲ್ಲಿ ಬರೀ ಇಂಡಿಯನ್. ನಾಳೆ ಫ್ರೀವೇಯಲ್ಲಿ ನನಗೆ ಎಂತಾದ್ರೂ ಆಗಿ, ಪರ್ಸೂ ಫೋನೂ ಕಳೆದುಹೋದ್ರೆ, ಆಸ್ಪತ್ರೆಯವರು ಇಂಡಿಯನ್ ಹೆಂಗಸು ಅಂತ ಬರೆದು ಫ್ರಿಜ್ಜಿನಲ್ಲಿ ಇಡ್ತಾರೆ. ಯಾವ ಬರಿ ಅಂತ ಗೊತ್ತಾಗುವವರೆಗೆ ಯಾರಿಗೂ ಕೊಡುದಿಲ್ಲ ಅಂದ್ರೆ ಹೇಗಾಗ್ತದೆ?’

‘ಕೆಟ್ಟ ಮಾತು ಯಾಕೆ ಆಡ್ತೀ ಮಾರಾಯ್ತಿ’ ಎಂದು ಅವರು ಎದ್ದು ಹೋದರು. ಸ್ವಲ್ಪ ಹೊತ್ತಿನ ಮೇಲೆ ಬಂದು ಒಗ್ಗರಣೆಯ ಸೌಟು ನನ್ನ ಕೈಯಿಂದ ತೆಗೆದುಕೊಂಡು, ‘ನೀನು ಅರೊಹಾರಿಗೆ ಫೋನ್ ಮಾಡು. ಇದನ್ನು ನಾನು ನೋಡಿಕೊಳ್ತೇನೆ’ ಎಂದರು. ಸಾರು ಉಪ್ಪಾಗಿತ್ತು, ಆದರೂ ಸುಮ್ಮನೆ ಊಟ ಮಾಡಿದೆ.

ನಾವು ಹಠ ಹಿಡಿದೆವು. ಅರೊಹಾ ತಮ್ಮ ನಾಡಿಗೆ ಫೋನಿನ ಮೇಲೆ ಫೋನು ಮಾಡಿದರು. ಇಂಥವರನ್ನು ಬರಮಾಡಿಕೊಳ್ಳಲೆಂದೇ ಅಲ್ಲಿ ಒಂದು ವ್ಯವಸ್ಥೆ ಇತ್ತು. ಬುಡಕಟ್ಟು ಗೊತ್ತಿದ್ದವರು ಅವರವರ ಊರಿಗೆ ಹೋಗುತ್ತಾರೆ. ಗೊತ್ತಿಲ್ಲದವರನ್ನು ಇಡೀ ಮಾವೋರಿ ಜನರ ಪರವಾಗಿ ಬರಮಾಡಿಕೊಂಡು, ಪವಿತ್ರವಾದ ಒಂದು ಜಾಗದಲ್ಲಿ ಒಟ್ಟಿಗೆ ಇಟ್ಟು ನೋಡಿಕೊಳ್ಳುತ್ತಾರೆ. ಯಾರದೆಂದು ಗೊತ್ತಿಲ್ಲದ್ದು ಅವರಿಗೆ ಯಾರದೂ ಅಲ್ಲದ್ದಲ್ಲ, ಎಲ್ಲರದೂ ಹೌದು. ಇದನ್ನು ನಾನು ಹೆಲೆನ್ ಅವರಿಗೆ ದಿನಾ ಹೇಳಿದೆ. ಹುಳದ ಬಲೆ ಬದಲಿಸುವಾಗ ಹೇಳಿದೆ, ಪಾರ್ಕಿಂಗ್ ಲಾಟಿನಲ್ಲಿ ಹೇಳಿದೆ. ಡಬ್ಬವನ್ನು ಅವರು ನಂಬರು ಹೇಳಿ ಕರೆದರೆ ನಾನು ‘ಅಜ್ಜ’ ಎನ್ನುತ್ತಿದ್ದೆ. ಕೊನೆಗೆ ಒಂದು ದಿನ ಅವರೂ ಬಾಯಿತಪ್ಪಿ ಅಜ್ಜ ಎಂದರು. ಇನ್ನೊಂದು ಮೀಟಿಂಗು ಕರೆಯೋಣ, ಅವರ ಹಿರಿಯರು ವೀಡಿಯೊದಲ್ಲಿ ಬರಲಿ ಎಂದು ಒಪ್ಪಿದರು.

ಎರಡನೆಯ ಮೀಟಿಂಗಿನ ದಿನ ಗೋಡೆಯ ಪರದೆಯ ಮೇಲೆ ಇಬ್ಬರು ಹಿರಿಯರು ಕಾಣಿಸಿಕೊಂಡರು, ಒಬ್ಬ ಅಜ್ಜ, ಒಬ್ಬ ಅಜ್ಜಿ. ಚೇರ್ಮನ್ ಅಜೆಂಡಾ ಓದಲು ಶುರು ಮಾಡಿದರು. ಆ ಅಜ್ಜ ವಿನಯದಿಂದ ತಡೆದರು. ನಮ್ಮಲ್ಲಿ ಮೊದಲು ಪರಿಚಯ, ಆಮೇಲೆ ಕೆಲಸ ಎಂದರು. ಅವರಲ್ಲಿ ಪರಿಚಯವೆಂದರೆ ಹುದ್ದೆ ಹೇಳುವುದಲ್ಲ, ಹೆಸರು ಬರುವುದೂ ಕಡೆಗೆ. ನನ್ನ ಬೆಟ್ಟ ಯಾವುದು, ನನ್ನ ನದಿ ಯಾವುದು, ನನ್ನ ಹಿರಿಯರು ಎಲ್ಲಿಯವರು, ಆಮೇಲೆ ನಾನು. ಅಜ್ಜ, ಅಜ್ಜಿ, ಅರೊಹಾ ಮೂವರೂ ಹಾಗೆ ಹೇಳಿಕೊಂಡರು. ಈಗ ನೀವು ಎಂದು ನಮ್ಮ ಕಡೆ ನೋಡಿದರು.

ಮೇಜಿನ ಸುತ್ತ ಎಲ್ಲರೂ ಪರಸ್ಪರ ಮುಖ ನೋಡಿಕೊಂಡರು. ಬಾಗಿಲ ಬಳಿ ಡಬ್ಬದ ಪಕ್ಕ ನಿಂತಿದ್ದ ನನ್ನನ್ನು ಅರೊಹಾ ಕಣ್ಣಿನಲ್ಲೇ ಕರೆದರು. ದರ್ಜೆ ಗಿರ್ಜೆ ನೋಡದೆ ಶುರು ಮಾಡಿದೆ. ನನ್ನ ಬೆಟ್ಟ ಕುಂಜಾರುಗಿರಿ, ನನ್ನ ನದಿ ಸ್ವರ್ಣಾ, ತಾಯಿಯ ಕುಲ ಇಂಥದು, ನಾನು ವಾರಿಜಾ ಎಂದೆ. ಅಷ್ಟು ವರ್ಷದ ಕೆಲಸದಲ್ಲಿ ಆ ಕೋಣೆಯೊಳಗೆ ಕುಂಜಾರುಗಿರಿ ಎಂಬ ಮಾತು ಕೇಳಿಸಿದ್ದು ಅದೇ ಮೊದಲು.

ಹೆಲೆನ್ ಎದ್ದರು. ‘ನಾನು ಇಲ್ಲೇ ಹುಟ್ಟಿದವಳು. ನಮ್ಮ ಹಿರಿಯರು ನಾರ್ವೆಯವರು ಎಂದು ಅಮ್ಮ ಹೇಳುತ್ತಿದ್ದಳು. ಯಾವ ಊರು ಎಂದು ಗೊತ್ತಿಲ್ಲ’ ಎಂದರು.

ಚೇರ್ಮನ್ ಕಾನರ್ ಕನ್ನಡಕ ತೆಗೆದು ಒರೆಸಿದರು. ‘ಐರಿಷ್’ ಎಂದರು. ‘ನನ್ನ ಅಜ್ಜ ಬರಗಾಲದ ಹಸಿವಿನ ಕಥೆ ಹೇಳುತ್ತಿದ್ದ. ಊರಿನ ಹೆಸರು ಬಾಯಿಗೆ ತರುತ್ತಿರಲಿಲ್ಲ. ನಾನು ಕೇಳಲೂ ಇಲ್ಲ. ಐರಿಷ್ ಎಂದಷ್ಟೇ ಗೊತ್ತು.’ ಉಳಿದವರದೂ ಹೆಚ್ಚು ಕಡಿಮೆ ಹಾಗೇ. ಒಬ್ಬರು ಇಟಾಲಿಯನ್, ಒಬ್ಬರಿಗೆ ಅದೂ ಖಚಿತವಿಲ್ಲ.

ಪರದೆಯ ಅಜ್ಜಿ ಪ್ರತಿಯೊಬ್ಬರಿಗೂ ತಲೆಬಾಗಿ, ‘ನಿಮಗೂ ನಿಮ್ಮ ಹಿರಿಯರಿಗೂ ನಮಸ್ಕಾರ’ ಎಂದರು. ನನಗೆ ಬಾಗಿದಷ್ಟೇ ಅವರಿಗೂ ಬಾಗಿದರು. ಊರು ಗೊತ್ತಿಲ್ಲ ಎಂದವರಿಗೆ ಒಂದು ಕೂದಲೆಳೆಯಷ್ಟೂ ಕಡಿಮೆ ಮಾಡಲಿಲ್ಲ.

ಆಮೇಲೆ ಪರದೆಯ ಅಜ್ಜ, ‘ಇನ್ನು ಒಬ್ಬರ ಪರಿಚಯ ಬಾಕಿ ಇದೆ’ ಎಂದರು. ನನ್ನ ಪಕ್ಕದ ಡಬ್ಬದ ಕಡೆಗೆ ನೋಡುತ್ತಿದ್ದರು. ‘ಅವರಿಗೆ ಮಾತಾಡಲು ಆಗುವುದಿಲ್ಲ, ಅವರ ಪರವಾಗಿ ನಾನು ಹೇಳುತ್ತೇನೆ. ಅವರ ಬೆಟ್ಟ ಯಾವುದೆಂದು ಗೊತ್ತಿಲ್ಲ. ಅವರ ನದಿ ಗೊತ್ತಿಲ್ಲ. ಅವರು ಮಾವೋರಿ.’

ಕಾನರ್ ಎದುರಿನ ನಿಯಮದ ಹಾಳೆಯ ಮೇಲೆ ಬೆರಳಿಟ್ಟರು. ‘ಇದರ ಪ್ರಕಾರ ನೋಡಿದರೆ ನಾಳೆ ನನ್ನನ್ನೂ ಯಾರಿಗೂ ಕೊಡುವ ಹಾಗಿಲ್ಲ’ ಎಂದರು. ಯಾರೋ ನಗಲು ಹೋಗಿ ನಿಲ್ಲಿಸಿದರು. ಹೆಲೆನ್ ಕಿವಿಯ ಹಿಂದಿನ ಪೆನ್ಸಿಲು ತೆಗೆದು, ತಮ್ಮ ಹಾಳೆಯಲ್ಲಿ ಯಾವ ಬುಡಕಟ್ಟು ಎಂಬ ಸಾಲಿಗೆ ಅಡ್ಡಗೆರೆ ಎಳೆದು, ‘ಯಾರು ಬರಮಾಡಿಕೊಳ್ಳುತ್ತಾರೆ’ ಎಂದು ಬರೆದು, ಅದನ್ನು ಚೇರ್ಮನ್ನರ ಮುಂದೆ ತಳ್ಳಿದರು. ಕೈಗಳು ಒಂದೊಂದಾಗಿ ಮೇಲೆ ಹೋದವು. ಅರೊಹಾ ಮುಖ ಮುಚ್ಚಿಕೊಂಡು ಅತ್ತರು. ನನಗೂ ತಡೆಯಲಾಗಲಿಲ್ಲ.

ಡಬ್ಬದ ಅಜ್ಜ ನಿಮ್ಮ ಬುಡಕಟ್ಟಿನವರೇ ಇರಬಹುದಾ ಎಂದು ಆಮೇಲೆ ಕಾರಿನಲ್ಲಿ ಅರೊಹಾರನ್ನು ಕೇಳಿದೆ. ‘ಇರಬಹುದು. ಇಲ್ಲದೆಯೂ ಇರಬಹುದು. ಹಿಂದೆ ನಮ್ಮವರ ಮೇಲೆ ಯುದ್ಧಕ್ಕೆ ಬಂದವರೂ ಇರಬಹುದು’ ಎಂದು ಮೂಗು ಒರೆಸಿಕೊಂಡು ನಕ್ಕರು. ‘ಊರಿಗೆ ಹೋದ ಮೇಲೆ ಜಗಳವಾಡಬಹುದು.’

ಡಬ್ಬದ ಅಜ್ಜನನ್ನು ಕರೆದೊಯ್ಯಲು ಆ ನಾಡಿನಿಂದ ಜನ ಬಂದ ಬೆಳಗ್ಗೆ ಸ್ಟೋರಿನಲ್ಲಿ ಹಸಿರು ಸೊಪ್ಪಿನ ವಾಸನೆ. ಅವರು ತಲೆಗೆ ಸೊಪ್ಪು ಸುತ್ತಿಕೊಂಡು, ಹೆಂಗಸರು ಎತ್ತರದ ದನಿಯಲ್ಲಿ ಕರೆಯುತ್ತಾ ಒಳಗೆ ಬಂದರು. ಬೂದು ಡಬ್ಬ ಅಲ್ಲೇ ಉಳಿಯಿತು. ಅಜ್ಜನಿಗೆ ಅವರು ನೇಯ್ದ ಬಟ್ಟೆ ಹೊದೆಸಿ, ಮಗುವನ್ನು ಎತ್ತಿಕೊಳ್ಳುವಂತೆ ತೋಳಿನಲ್ಲಿ ಎತ್ತಿಕೊಂಡರು. ಹೊರಡುವ ಮುಂಚೆ ಅವರ ಹಿರಿಯರು ನಮ್ಮ ಕಡೆ ತಿರುಗಿ, ‘ಇಷ್ಟು ಕಾಲ ಇವರು ನಿಮ್ಮ ಮನೆಯಲ್ಲಿದ್ದರು, ಇನ್ನು ನಮ್ಮ ಮನೆಗೆ ಬರುತ್ತಾರೆ’ ಎಂದರು.